ಗೋದಾಮಿನ ಗಲಾಟೆ: ಸಾಕ್ಷಿಗಳನ್ನು ನಾನು ಮಾತನಾಡಿಸುವ ಬಗೆ

ದಾವಣಗೆರೆಯ ಗಿರಣಿ, ಗೋದಾಮು ಮತ್ತು ಸಿದ್ಧ ಉಡುಪಿನ ಘಟಕಗಳಲ್ಲಿ ನೌಕರರ ಮೇಲೆ ದೂರು ಬಂದಾಗ, ಆರೋಪ ಪಟ್ಟಿ ಕೊಡುವ ಮುಂಚಿನ ಪ್ರಾಥಮಿಕ ತನಿಖೆ ನಡೆಸಿಕೊಡುವುದು ನನ್ನ ಕೆಲಸ. ಕಡತ ನನ್ನ ಕೈಗೆ ಬರುವ ಹೊತ್ತಿಗೆ ಸಾಕ್ಷಿಗಳ ಹೇಳಿಕೆಗಳು ಬಹುಪಾಲು ಸಿದ್ಧವಾಗಿರುತ್ತವೆ. ಭಾಷೆ ಕಚೇರಿಯ ಗುಮಾಸ್ತರದು, ಸಹಿ ಮಾತ್ರ ಸಾಕ್ಷಿಯದು. ಮೆಕ್ಕೆಜೋಳದ ಗೋದಾಮೊಂದರ ಕಡತದಲ್ಲಿ ಮೂವರ ಹೇಳಿಕೆಗಳು ಅಕ್ಷರಶಃ ಒಂದೇ ಆಗಿದ್ದವು: "ಸದರಿ ಹಮಾಲಿಯು ಮೇಲ್ವಿಚಾರಕರನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೊರಳಪಟ್ಟಿ ಹಿಡಿದು ಕೆಡವಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ." ಮೂವರಲ್ಲಿ ಒಬ್ಬರು ಕಾಳು ಗುಡಿಸುವ ಹೆಂಗಸು, ಅವರದು ಹೆಬ್ಬೆಟ್ಟು.

ಇಂಥ ಹೇಳಿಕೆ ಸುಳ್ಳೆಂದು ನಾನು ಮೊದಲೇ ತೀರ್ಮಾನಿಸುವುದಿಲ್ಲ. ಆದರೆ ಅದನ್ನು ಪಕ್ಕಕ್ಕಿಟ್ಟು ಎಲ್ಲರನ್ನೂ ಹೊಸದಾಗಿ, ಒಬ್ಬೊಬ್ಬರನ್ನಾಗಿ ಕರೆಸುತ್ತೇನೆ. ವ್ಯವಸ್ಥಾಪಕರ ಕೊಠಡಿ ಬೇಡವೆನ್ನುತ್ತೇನೆ, ಏಕೆಂದರೆ ಸಂಬಳ ಹೆಚ್ಚಿಸಲು ಕೇಳಿ ಬೈಸಿಕೊಂಡ ಜಾಗದಲ್ಲಿ ಯಾರೂ ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ. ಆ ಗೋದಾಮಿನಲ್ಲಿ ತೂಕದ ಕೋಣೆ ಸಿಕ್ಕಿತು.

ಆ ಹೆಂಗಸಿಗೆ ನಾನು ಹೇಳಿದ್ದು ಇಷ್ಟೇ: "ಅಮ್ಮಾ, ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿದಲ್ಲಿಂದ ಹೇಳ್ರಿ, ನಾನು ನಡುವೆ ಬಾಯಿ ಹಾಕಲ್ಲ." ಅವರು ಊಟದಿಂದ, ಲಾರಿ ತಡವಾಗಿ ಬಂದದ್ದರಿಂದ, ಸೊಸೆಯ ಜ್ವರದಿಂದ ಶುರುಮಾಡಿದರು. ಇವನ್ನೆಲ್ಲ ತಡೆಯುವ ಚಪಲ ತನಿಖೆ ಮಾಡುವವರಿಗೆ ಬಹಳ. ಆದರೆ ಆ ಹೊತ್ತಿನ ಸುತ್ತಮುತ್ತಲನ್ನು ನೆನಪಿಗೆ ತಂದುಕೊಂಡವರಿಗೇ ಘಟನೆಯ ವಿವರಗಳೂ ಹೆಚ್ಚಾಗಿ ನೆನಪಾಗುತ್ತವೆ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸೆಲ್‌ಮನ್ ಸಾಕ್ಷಿಗಳನ್ನು ಮಾತನಾಡಿಸಲು ರೂಪಿಸಿದ ಕ್ರಮದ ತಿರುಳೂ ಇದೇ. ಕೊನೆಗೆ ಆಕೆ ಗಲಾಟೆಯ ವಿಷಯಕ್ಕೆ ಬಂದರು. "ಚೀಲದ ಆ ಕಡೆ ಬೈದಾಡೋದು ಕೇಳಿಸ್ತ್ರಿ. ಮೊರ ಕೆಳಗಿಟ್ಟು ಹೋಗೋದ್ರಾಗ ಸೂಪರ್‌ವೈಜರ್ ಬಿದ್ದಿದ್ರು. ಯಾರು ಮೊದ್ಲು ಕೈ ಮಾಡಿದ್ರೋ ನಾ ನೋಡ್ಲಿಲ್ರಿ."

ಗೋದಾಮಿಗೇ ಕರೆದುಕೊಂಡು ಹೋಗಿ, ಕೈಗೆ ಸೀಮೆಸುಣ್ಣ ಕೊಟ್ಟು, ನಿಂತಿದ್ದ ಜಾಗವನ್ನು ನೆಲದ ಮೇಲೆ ಗುರುತು ಮಾಡಿಸಿದೆ. ಆ ದಿನದ ದಾಸ್ತಾನು ಪುಸ್ತಕದ ಪ್ರಕಾರ ಅವರಿಗೂ ಗಲಾಟೆಯ ಜಾಗಕ್ಕೂ ನಡುವೆ ಆಳೆತ್ತರಕ್ಕಿಂತ ಹೆಚ್ಚಿನ ಚೀಲದ ಲಾಟು ಇತ್ತು. ನನ್ನ ಭೇಟಿಯ ಹೊತ್ತಿಗೆ ಅದು ಖಾಲಿಯಾಗಿದ್ದರಿಂದ ಪುಸ್ತಕ ನೋಡದಿದ್ದರೆ ಅಲ್ಲಿಂದ ಎಲ್ಲವೂ ಕಾಣುತ್ತದೆಂದೇ ಅನ್ನಿಸುತ್ತಿತ್ತು. ಎದುರುಗಡೆ ಇದ್ದ ತೂಕದವನು ಮಾತ್ರ ಇಬ್ಬರೂ ಪರಸ್ಪರ ತಳ್ಳಾಡಿದ್ದನ್ನು ಕಂಡಿದ್ದ. ಮೂರನೆಯವನು ಹಳೆಯ ಹೇಳಿಕೆಗೇ ಅಂಟಿಕೊಂಡ. ಆತ ಮೇಲ್ವಿಚಾರಕರ ಸಂಬಂಧಿ. ಸಂಬಂಧವನ್ನು ವರದಿಯಲ್ಲಿ ನಮೂದಿಸಿದೆ, ಆದರೆ ಅದೊಂದೇ ಕಾರಣಕ್ಕೆ ಆತನ ಮಾತನ್ನು ತಳ್ಳಿಹಾಕಲಿಲ್ಲ.

"ಅವನು ಕೊರಳಪಟ್ಟಿ ಹಿಡಿದಾಗ ನೀವೆಲ್ಲಿದ್ರಿ?" ಎಂದು ಕೇಳುವುದು ಉತ್ತರವನ್ನು ನಾವೇ ಕೊಟ್ಟಂತೆ. ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಅವೇ ಚಲನಚಿತ್ರ ತುಣುಕುಗಳನ್ನು ತೋರಿಸಿ ಬೇರೆ ಬೇರೆ ಕ್ರಿಯಾಪದಗಳಿಂದ ವೇಗವನ್ನು ಕೇಳಲಾಯಿತು. ಕಾರುಗಳು ಅಪ್ಪಳಿಸಿದವು ಎಂದು ಕೇಳಿದವರ ಸರಾಸರಿ ಅಂದಾಜು ಗಂಟೆಗೆ 40 ಮೈಲಿಗಿಂತ ಹೆಚ್ಚು, ತಾಗಿದವು ಎಂದು ಕೇಳಿದವರದು ಸುಮಾರು 32. ಅದಕ್ಕೇ ನನ್ನ ಪ್ರಶ್ನೆಗಳು "ಆಮೇಲೆ?", "ಅದು ನಿಮಗೆ ಹೇಗೆ ಗೊತ್ತಾಯ್ತು?" ಎಂಬಷ್ಟಕ್ಕೇ ನಿಲ್ಲುತ್ತವೆ. ಎರಡನೆಯ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ; ಕಂಡದ್ದು, ಕೇಳಿಸಿಕೊಂಡದ್ದು, ಸಂಜೆ ಚಹಾದಂಗಡಿಯಲ್ಲಿ ಯಾರೋ ಹೇಳಿದ್ದು, ಈ ಮೂರೂ ಅಲ್ಲಿ ಬೇರೆಯಾಗುತ್ತವೆ.

ಹೇಳಿಕೆಯನ್ನು ಸಾಕ್ಷಿಯ ಮಾತಿನಲ್ಲೇ ಬರೆದು, ನಿಧಾನವಾಗಿ ಓದಿ ಹೇಳಿ, ಅವರು ತಿದ್ದಿಸಿದ ಕಡೆಯೆಲ್ಲ ಸಹಿ ಮಾಡಿಸುತ್ತೇನೆ. ಹೆಬ್ಬೆಟ್ಟಿನವರಾದರೆ ಓದಿ ಹೇಳಿದವರ ಹೆಸರೂ ಸಹಿಯೂ ಕೆಳಗಿರಬೇಕು. ಆಪಾದಿತನಿಗೂ ಇದೇ ಕ್ರಮ. ಹಲವು ಆಡಳಿತದವರು ಆತನನ್ನು ಮೊದಲೇ ಅಮಾನತು ಮಾಡಿ, ಜೀವನಾಧಾರ ಭತ್ಯೆಯನ್ನು ಮರೆತೇಬಿಡುತ್ತಾರೆ. ಮೊದಲ 90 ದಿನ ಅರ್ಧ ವೇತನ, ವಿಳಂಬಕ್ಕೆ ಆತ ಕಾರಣನಲ್ಲದಿದ್ದರೆ ಅನಂತರ ಅದಕ್ಕಿಂತ ಹೆಚ್ಚು ಕೊಡಬೇಕು. ಅದನ್ನು ಕೊಡದೆ ನಡೆಸಿದ ವಿಚಾರಣೆ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು.

ತನಿಖೆ ನನ್ನದಾದರೆ, ಆರೋಪ ಪಟ್ಟಿ ಕೊಟ್ಟ ಮೇಲೆ ನಡೆಯುವ ವಿಚಾರಣೆಯ ಅಧಿಕಾರಿಯ ಸ್ಥಾನವನ್ನು ನಾನು ಒಪ್ಪುವುದಿಲ್ಲ. ಸಾಕ್ಷಿಯ ಬಾಯಿಂದ ಕೇಳಿ ಒಂದು ಅಭಿಪ್ರಾಯಕ್ಕೆ ಬಂದವನೇ ತೀರ್ಪುಗಾರನಾಗಿ ಕೂತರೆ ಆಪಾದಿತನಿಗೆ ನಂಬಿಕೆ ಹುಟ್ಟುವುದಾದರೂ ಹೇಗೆ? ಲೈಂಗಿಕ ಕಿರುಕುಳದ ದೂರುಗಳ ಹಾದಿ ಬೇರೆ. 2013ರ ಕಾಯ್ದೆಯಂತೆ ಅವು ಆಂತರಿಕ ಸಮಿತಿಗೇ ಹೋಗಬೇಕು, ವಿಚಾರಣೆಗೆ ಕನಿಷ್ಠ ಮೂವರು ಸದಸ್ಯರಿರಬೇಕು, 90 ದಿನಗಳಲ್ಲಿ ಮುಗಿಯಬೇಕು, ಯಾವ ಪಕ್ಷದವರೂ ವಕೀಲರನ್ನು ತರುವಂತಿಲ್ಲ.

ಸಾಕ್ಷಿಗಳು ಏಳುವಾಗ ಸಾಮಾನ್ಯವಾಗಿ ಕೇಳುವುದು ಒಂದೇ: "ನನ್ನ ಹೆಸ್ರು ಹೊರಗ ಬರಲ್ಲ ಅಲ್ರೀ ಸರ್?" ಬರುವುದಿಲ್ಲವೆಂದು ನಾನು ಭಾಷೆ ಕೊಡುವುದಿಲ್ಲ. ಆರೋಪ ಪಟ್ಟಿ ಹೊರಟರೆ ಆಪಾದಿತನಿಗೆ ಪಾಟೀ ಸವಾಲಿನ ಹಕ್ಕಿದೆ, ಆಗ ನೀವು ಆತನ ಎದುರಿಗೇ ಹೇಳಬೇಕಾಗುತ್ತದೆ ಎಂದು ತಿಳಿಸುತ್ತೇನೆ. ಸಾಕ್ಷಿ ಹೇಳಿದ್ದಕ್ಕೆ ಪಾಳಿ ಬದಲಿಸುವುದಾಗಲಿ ಕೆಲಸದಿಂದ ತೆಗೆಯುವುದಾಗಲಿ ಮಾಡುವುದಿಲ್ಲವೆಂದು ಆಡಳಿತದಿಂದ ಬರೆಸಿಕೊಂಡ ಪತ್ರದ ಪ್ರತಿಯನ್ನು ಅವರ ಕೈಗೆ ಕೊಡುತ್ತೇನೆ; ಅಂಥ ಪತ್ರ ಕೊಡಲು ಒಪ್ಪದ ಕಡೆ ತನಿಖೆಯನ್ನು ನಾನು ಕೈಗೆತ್ತಿಕೊಳ್ಳುವುದಿಲ್ಲ.