ಫೈರ್ ಸರ್ವಿಸ್‌ನವರು ಅಭಿಪ್ರಾಯ ಕೇಳಿದ್ದಾರೆ, ಎರಡು ಸಾಲು ಬರೆಯಿರಿ

ಇಲ್ಲಿ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಿಲ್, ಅಂದರೆ ಮನೆಯ ಸ್ಥಳೀಯ ತೆರಿಗೆಯ ಬಿಲ್ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಕೊನೆಯ ಮೊತ್ತಕ್ಕೆ. ಈ ಸಲ ಮೇಲಿನ ಸಾಲುಗಳನ್ನೂ ಓದಿ. ರೀಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆಯವರಿಗೆ ಕೌನ್ಸಿಲ್, ಪೊಲೀಸ್ ಲೆಕ್ಕದ ಜೊತೆಗೆ ಫೈರ್ ಅಥಾರಿಟಿಗೆ (ಅಗ್ನಿಶಾಮಕ ಸೇವೆಯನ್ನು ನೋಡಿಕೊಳ್ಳುವ ಮಂಡಳಿಗೆ) ಇಷ್ಟು ಎಂಬ ಸಾಲೊಂದು ಕಾಣುತ್ತದೆ. ಲಂಡನ್‌ನವರಿಗೆ ಅದು ಮೇಯರ್ ಲೆಕ್ಕದೊಳಗೆ ಸೇರಿಹೋಗಿರುತ್ತದೆ. ಅಂದರೆ ಆ ಕೆಂಪು ಗಾಡಿಗೆ ನೀವೂ ದುಡ್ಡು ಕೊಡುತ್ತಿದ್ದೀರಿ. ಹಾಗಾಗಿ ಅವರು ನಿಮ್ಮನ್ನೂ ಕೇಳುತ್ತಾರೆ.

ಇಂಗ್ಲೆಂಡಿನ ಪ್ರತಿ ಅಗ್ನಿಶಾಮಕ ಸೇವೆಯೂ ಕನಿಷ್ಠ ಮೂರು ವರ್ಷ ಮುಂದಕ್ಕೆ ನೋಡುವ ಯೋಜನೆಯೊಂದನ್ನು ಮಾಡಲೇಬೇಕು, ಮಾಡುವಾಗ ಊರಿನವರನ್ನು ಕೇಳಲೇಬೇಕು. ಅಗ್ನಿಶಾಮಕ ಸೇವೆಗಳಿಗಾಗಿ ಸರ್ಕಾರ ಹೊರಡಿಸಿದ 2018ರ ರಾಷ್ಟ್ರೀಯ ಚೌಕಟ್ಟು ಹೇಳುವುದು ಇದನ್ನೇ. ಈಗ ಹೆಚ್ಚಿನವರು ಇದನ್ನು ಕಮ್ಯುನಿಟಿ ರಿಸ್ಕ್ ಮ್ಯಾನೇಜ್‌ಮೆಂಟ್ ಪ್ಲಾನ್ (ಊರಿನ ಅಪಾಯಗಳನ್ನು ನಿಭಾಯಿಸುವ ಯೋಜನೆ), ಚಿಕ್ಕದಾಗಿ ಸಿಆರ್‌ಎಂಪಿ ಎನ್ನುತ್ತಾರೆ. ಕರಪತ್ರದಲ್ಲೋ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲೋ ಈ ಹೆಸರು ಕಂಡರೆ ಮುಂದೆ ಹೋಗಬೇಡಿ, ನಿಂತು ಓದಿ. ನಾನು ಬಂದ ಹೊಸದರಲ್ಲಿ ಇಂಥದ್ದೊಂದನ್ನು ಪಿಜ್ಜಾ ಜಾಹೀರಾತಿನ ಜೊತೆಗೇ ಕಸಕ್ಕೆ ಹಾಕಿದ್ದೆ.

ಈ ಯೋಜನೆಯ ಕಡತ ದಪ್ಪವಿರುತ್ತದೆ, ಭಾಷೆ ನಯವಾಗಿರುತ್ತದೆ. ಆ ನಯವೇ ತೊಂದರೆ. ‘ಸಂಪನ್ಮೂಲಗಳ ಮರುಹೊಂದಾಣಿಕೆ’ ಎಂದಿದ್ದರೆ ಒಂದು ಗಾಡಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹೋಗುತ್ತಿದೆ ಅಥವಾ ಇಲ್ಲವಾಗಿಯೇಬಿಡುತ್ತದೆ ಎಂದು ಅರ್ಥವಿರಬಹುದು. ‘ಹೋಲ್‌ಟೈಮ್’ ಅಂದರೆ ಸಿಬ್ಬಂದಿಗೆ ಅದೇ ಪೂರ್ಣಾವಧಿ ಕೆಲಸ. ‘ಆನ್-ಕಾಲ್’ ಅಂದರೆ ಸ್ಟೇಷನ್ನಿನಲ್ಲಿ ಯಾರೂ ಕಾದು ಕೂತಿರುವುದಿಲ್ಲ. ಹತ್ತಿರದಲ್ಲೇ ವಾಸವಿರುವ, ಬೇರೆ ಕೆಲಸವನ್ನೂ ಮಾಡುವ ಜನ ಪೇಜರ್ ಬಡಿದುಕೊಂಡ ಕೂಡಲೇ ಓಡಿ ಬಂದು ಗಾಡಿ ಹತ್ತುತ್ತಾರೆ. ಹಳ್ಳಿಗಾಡಿನ ಎಷ್ಟೋ ಕಡೆ ಅವರಿಂದಲೇ ಸೇವೆ ನಡೆಯುವುದು, ಅವರ ಬಗ್ಗೆ ನನಗೆ ಬಹಳ ಗೌರವ. ಆದರೆ ನಿಮ್ಮ ಊರಿನ ಸ್ಟೇಷನ್ ರಾತ್ರಿ ಹೊತ್ತು ಆನ್-ಕಾಲ್ ಆಗುತ್ತದೆ ಎಂದಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ನಡುರಾತ್ರಿ ನನ್ನ ಪೋಸ್ಟ್‌ಕೋಡಿಗೆ ಮೊದಲ ಗಾಡಿ ಎಷ್ಟು ನಿಮಿಷಕ್ಕೆ, ಎರಡನೆಯದು ಎಷ್ಟಕ್ಕೆ? ಲಂಡನ್ನಿನ ಗುರಿ ಸರಾಸರಿ 6 ಮತ್ತು 8 ನಿಮಿಷ. ನಿಮ್ಮಲ್ಲಿ ಎಷ್ಟೆಂದು ಅವರ ಬಾಯಲ್ಲೇ ಕೇಳಿ.

‘ಎಲ್ಲಾ ಮೊದಲೇ ತೀರ್ಮಾನವಾಗಿರುತ್ತೆ ಬಿಡಿ’ ಅನ್ನುವವರು ನಮ್ಮಲ್ಲಿ ಬಹಳ. ಅರ್ಧ ನಿಜ. 2013ರಲ್ಲಿ ಲಂಡನ್ನಿನಲ್ಲಿ 12 ಸ್ಟೇಷನ್ ಮುಚ್ಚುವ ಪ್ರಸ್ತಾಪ ಜನರ ಮುಂದೆ ಬಂತು. ವಿರೋಧವೋ ವಿರೋಧ. ಕೊನೆಗೆ ಕ್ಲಾಪಮ್, ನ್ಯೂ ಕ್ರಾಸ್ ಉಳಿದವು. ಮಿಕ್ಕ 10 ಸ್ಟೇಷನ್ನುಗಳು 2014ರ ಜನವರಿಯಲ್ಲಿ ಮುಚ್ಚಿದವು. 1872ರಷ್ಟು ಹಳೆಯದಾದ ಕ್ಲರ್ಕನ್‌ವೆಲ್ ಸ್ಟೇಷನ್ನೂ ಅದರಲ್ಲಿತ್ತು. ಸೋಲೇ, ಆದರೆ ಕ್ಲಾಪಮ್ಮಿನವರನ್ನು ಕೇಳಿದರೆ ಪೂರ್ತಿ ಸೋಲು ಅನ್ನಲಿಕ್ಕಿಲ್ಲ. ಹೀಗೆ ಅಭಿಪ್ರಾಯ ಕೇಳುವುದು ಮತದಾನವಲ್ಲ, ಬಹುಮತ ಎಣಿಸಿ ತೀರ್ಮಾನಿಸುವುದಿಲ್ಲ. ಆದರೆ ಲಂಡನ್ನಿನ ಬ್ರೆಂಟ್ ಕೌನ್ಸಿಲ್ ವಿರುದ್ಧದ 1985ರ ಮೊಕದ್ದಮೆಯಿಂದ ಬಂದ ನಿಯಮಗಳ ಪ್ರಕಾರ ತೀರ್ಮಾನಕ್ಕೆ ಮುಂಚೆಯೇ ಕೇಳಬೇಕು, ಸಾಕಷ್ಟು ವಿವರವನ್ನೂ ಸಮಯವನ್ನೂ ಕೊಡಬೇಕು, ಬಂದ ಉತ್ತರಗಳನ್ನು ಮನಸ್ಸಿಟ್ಟು ತೂಗಬೇಕು.

ಅಭಿಪ್ರಾಯ ಕೇಳುವ ಫಾರ್ಮಿನಲ್ಲಿ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಗುಂಡಿಗಳಿರುತ್ತವೆ. ಅವನ್ನು ಬೇಗ ಮುಗಿಸಿ. ಬೆಲೆ ಇರುವುದು ಕೊನೆಯ ಖಾಲಿ ಚೌಕಕ್ಕೆ. ಅಲ್ಲಿ ನಿಮ್ಮ ಮನೆಯ ಸಂಗತಿ ಬರೆಯಿರಿ, ಏಕೆಂದರೆ ಅದು ಅವರ ನಕ್ಷೆಯಲ್ಲಿ ಕಾಣುವುದಿಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ಕೂಡಲೇ ಕಿರುಚುವ ಅಲಾರ್ಮಿಗೆ ಶವರ್ ಕ್ಯಾಪ್ ತೊಡಿಸಿ, ಆಮೇಲೆ ತೆಗೆಯಲು ಮರೆತವರು ನಮ್ಮಲ್ಲಿ ಎಷ್ಟು ಜನ! (ಅಡುಗೆಮನೆಗೆ ಬೇಕಾದದ್ದು ಹೊಗೆಯದಲ್ಲ, ಶಾಖದ ಅಲಾರ್ಮ್. ಬಾಡಿಗೆ ಮನೆಯಾದರೆ ವಾಸದ ಕೋಣೆಯಿರುವ ಪ್ರತಿ ಮಹಡಿಗೂ ಹೊಗೆ ಅಲಾರ್ಮ್ ಹಾಕಿಸುವುದು ಮಾಲೀಕರ ಹೊಣೆ.) ಕರ್ಪೂರ, ನಂದಾದೀಪ, ಒಂದೇ ಮನೆಯಲ್ಲಿ ಆರು ಜನ ವಿದ್ಯಾರ್ಥಿಗಳು, ಹಜಾರದಲ್ಲಿ ಚಾರ್ಜಿಗೆ ಇಟ್ಟ ಡೆಲಿವರಿ ಸೈಕಲ್ಲಿನ ಬ್ಯಾಟರಿ, ಇವನ್ನೆಲ್ಲ ಬರೆಯಿರಿ.

ಊರಿಂದ ಆರು ತಿಂಗಳಿಗೆ ಬರುವ ಅಪ್ಪ ಅಮ್ಮನ ವಿಷಯವನ್ನು ಮರೆಯಬೇಡಿ. ಹಗಲೆಲ್ಲ ಮನೆಯಲ್ಲಿ ಇರುವವರು ಅವರೇ, ಗೊತ್ತಿರುವ ನಂಬರು 101. ಇಲ್ಲಿ ಒತ್ತಬೇಕಾದದ್ದು 999. 112 ಒತ್ತಿದರೂ ಸಿಗುತ್ತದೆ, 112 ಭಾರತದಲ್ಲೂ ಇರುವುದರಿಂದ ಕಲಿಸುವುದು ಸುಲಭ. ‘ಫೈರ್’ ಎಂಬ ಪದವನ್ನೂ ಪೋಸ್ಟ್‌ಕೋಡನ್ನೂ ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ನಿಮ್ಮ ಭಾಷೆಯಲ್ಲಿ ಮಾಹಿತಿ ಬೇಕೆಂದು ಆ ಚೌಕದಲ್ಲೇ ಕೇಳಿ.

ಇದಕ್ಕೂ ವೀಸಾಕ್ಕೂ ಸಂಬಂಧವಿಲ್ಲ, ಪೌರತ್ವ ಬೇಕಿಲ್ಲ. ಕೊನೆಯಲ್ಲಿ ಕೇಳುವ ವಯಸ್ಸು, ಜನಾಂಗದ ಪ್ರಶ್ನೆಗಳಿಗೆ ಇಷ್ಟವಿದ್ದರೆ ಮಾತ್ರ ಉತ್ತರಿಸಿ. ಇನ್ನೊಂದು: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ಕ್ರಮಬದ್ಧ ವೀಸಾದ ಮೇಲೆ ಇಲ್ಲಿ ವಾಸವಿರುವವರು ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿನ ಚುನಾವಣೆಯಲ್ಲಿ ಮತ ಹಾಕಬಹುದು. ಬಹಳ ಕಡೆ ಫೈರ್ ಅಥಾರಿಟಿಯಲ್ಲಿ ಕೂರುವವರು ಕೌನ್ಸಿಲರ್‌ಗಳೇ. ಹೆಸರು ನೋಂದಾಯಿಸಿಲ್ಲವಾದರೆ ಮೊದಲು ಆ ಕೆಲಸ ಮಾಡಿ.

ಅವಧಿ ಮುಗಿದ ಮೇಲೆ ಬಂದ ಉತ್ತರಗಳ ವರದಿ ಅಥಾರಿಟಿಯ ಸಭೆಗೆ ಹೋಗುತ್ತದೆ. ಸಭೆಯಲ್ಲಿ ಸಾರ್ವಜನಿಕರೂ ಕೂರಬಹುದು. ನಾನೊಮ್ಮೆ ಹಿಂದಿನ ಕುರ್ಚಿಯಲ್ಲಿ ಕೂತು ವರದಿ ತಿರುವಿದೆ. ‘ಇತರೆ’ ಎಂಬ ತಲೆಬರಹದ ಕೆಳಗೆ, ಒಬ್ಬರು ಅಡುಗೆಯ ಹೊಗೆ ಮತ್ತು ಅಲಾರ್ಮ್ ಬಗ್ಗೆ ಬರೆದಿದ್ದಾರೆ ಎಂದು ಒಂದೇ ಒಂದು ಸಾಲಿತ್ತು. ಆ ಒಬ್ಬರು ನಾನೇ. ಮುಂದಿನ ಸಲ ಅದು ‘ಹಲವರು’ ಎಂದಾದರೂ ಆಗಲಿ ಎಂದು ನಿಮಗೆ ಇಷ್ಟೆಲ್ಲ ಹೇಳಿದೆ.