‘ಪುಟ್ ಆಫ್’ ಬಳಸುವುದು ಹೇಗೆ?

ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳ (ಕ್ರಿಯಾಪದಕ್ಕೆ ‘ಆಫ್’, ‘ಔಟ್’ನಂಥ ಚಿಕ್ಕ ಪದ ಸೇರಿ ಬೇರೆಯದೇ ಅರ್ಥ ಕೊಡುವ ಜೋಡಿಗಳ) ಉದ್ದನೆಯ ಪಟ್ಟಿಯನ್ನು ಉರುಹೊಡೆದವರು ಮಾತನಾಡುವ ಹೊತ್ತಿಗೆ ಅವುಗಳಲ್ಲಿ ಒಂದನ್ನೂ ಬಳಸಲಾಗದೆ ‘ಪೋಸ್ಟ್‌ಪೋನ್’ ಎಂಬ ಪರಿಚಿತ ಪದಕ್ಕೇ ಮರಳುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅವರಿಗೆ ಅರ್ಥ ಗೊತ್ತಿರುತ್ತದೆ. ವಾಕ್ಯದಲ್ಲಿ ಅದನ್ನು ಎಲ್ಲಿ ಕೂರಿಸಬೇಕೆಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಇಲ್ಲಿ ‘ಪುಟ್ ಆಫ್’ ಒಂದನ್ನೇ ತೆಗೆದುಕೊಂಡು, ಅದು ದಿನಬಳಕೆಯ ಮಾತಿನಲ್ಲಿ ಸರಾಗವಾಗಿ ಬರುವಂತೆ ಮಾಡುವ ಬಗೆಯನ್ನು ನೋಡೋಣ.

ಮೊದಲು ಅರ್ಥವನ್ನು ಗಟ್ಟಿ ಮಾಡಿಕೊಳ್ಳಬೇಕು. ‘ಪುಟ್ ಆಫ್’ ಎಂದರೆ ಮುಂದೂಡುವುದು. ಕೆಲಸ ರದ್ದಾಗಿದ್ದರೆ ಅದಕ್ಕೆ ‘ಕಾಲ್ ಆಫ್’ ಎನ್ನಬೇಕು; ಇವೆರಡನ್ನು ಅದಲುಬದಲು ಮಾಡಿದರೆ ಶುಕ್ರವಾರ ನಡೆಯಬೇಕಾದ ಸಭೆಗೆ ಯಾರೂ ಬಾರದೇ ಇರಬಹುದು. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಕನ್ನಡದಲ್ಲಿ ನಾವು ‘ಮುಂದಕ್ಕೆ ಹಾಕಿದರು’ ಎನ್ನುವುದರಿಂದ ಅನೇಕರು ‘ಬ್ರಿಂಗ್ ಫಾರ್ವರ್ಡ್’ ಎಂದುಬಿಡುತ್ತಾರೆ, ಆದರೆ ಅದರ ಅರ್ಥ ನಿಗದಿತ ದಿನಕ್ಕಿಂತ ಮೊದಲೇ ನಡೆಸುವುದು ಎಂದು, ಅಂದರೆ ಪೂರ್ತಿ ತಿರುಗುಮುರುಗು.

ಎರಡನೆಯದು ರೂಪ. ‘ಪುಟ್’ ಭೂತಕಾಲದಲ್ಲೂ ‘ಪುಟ್’ ಆಗಿಯೇ ಉಳಿಯುತ್ತದೆ, ‘ಪುಟೆಡ್’ ಎಂಬ ರೂಪವಿಲ್ಲ. ‘ಪುಟಿಂಗ್’ ಬರೆಯುವಾಗ ‘ಟಿ’ ಅಕ್ಷರ ಎರಡು ಬಾರಿ ಬರುತ್ತದೆ, ‘ಆಫ್’ನಲ್ಲಿ ‘ಎಫ್’ ಕೂಡ ಹಾಗೆಯೇ.

ಮೂರನೆಯ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ, ಆದ್ದರಿಂದ ಇಲ್ಲಿ ಅವಸರ ಬೇಡ. ಮುಂದೂಡಿದ್ದು ಏನನ್ನು ಎಂಬುದನ್ನು ನಾಮಪದದಿಂದ ಹೇಳುವಾಗ ಅದನ್ನು ಎರಡು ಕಡೆ ಇಡಬಹುದು: “ವಿ ಪುಟ್ ಆಫ್ ದಿ ಮೀಟಿಂಗ್” ಎಂದರೂ ಸರಿ, “ವಿ ಪುಟ್ ದಿ ಮೀಟಿಂಗ್ ಆಫ್” ಎಂದರೂ ಸರಿ. ಆದರೆ ಅದೇ ಮೀಟಿಂಗನ್ನು ‘ಇಟ್’ ಎಂಬ ಸರ್ವನಾಮದಿಂದ ಸೂಚಿಸಿದ ಕೂಡಲೇ ಈ ಸ್ವಾತಂತ್ರ್ಯ ಇಲ್ಲವಾಗುತ್ತದೆ. “ವಿ ಪುಟ್ ಇಟ್ ಆಫ್” ಎನ್ನುವುದೊಂದೇ ಸರಿಯಾದ ದಾರಿ. “ವಿ ಪುಟ್ ಆಫ್ ಇಟ್” ಎನ್ನುವುದು ತಪ್ಪು. ‘ದೆಮ್’, ‘ಮಿ’, ‘ಹಿಮ್’, ‘ಹರ್’ ಎಲ್ಲಕ್ಕೂ ಇದೇ ಕಟ್ಟು.

ಇದಕ್ಕೆ ಕಾರಣವನ್ನು ತಿಳಿದುಕೊಂಡರೆ ನಿಯಮ ಮರೆತುಹೋಗುವುದಿಲ್ಲ. ಇಂಗ್ಲಿಷ್ ವಾಕ್ಯದ ಕೊನೆಯಲ್ಲಿ ಸಾಮಾನ್ಯವಾಗಿ ಹೊಸ ಸಂಗತಿಯೂ ಉಚ್ಚಾರಣೆಯ ಒತ್ತೂ ಬಂದು ನಿಲ್ಲುತ್ತವೆ. ‘ಇಟ್’ ಎನ್ನುವುದು ಆಗಲೇ ಪ್ರಸ್ತಾಪವಾಗಿರುವ ವಿಷಯವನ್ನು ಸೂಚಿಸುವ, ಒತ್ತಿಲ್ಲದ ಚಿಕ್ಕ ಪದವಾದ್ದರಿಂದ ಅದು ಕೊನೆಯ ಜಾಗವನ್ನು ‘ಆಫ್’ಗೆ ಬಿಟ್ಟುಕೊಟ್ಟು ನಡುವೆ ಸೇರಿಕೊಳ್ಳುತ್ತದೆ. ಹಾಗಾಗಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುವಾಗ ‘ಪುಟಿಟಾಫ್’ ಎಂದು ಒಂದೇ ಪದದಂತೆ ಕೂಡಿಸಿ, ಕೊನೆಯ ‘ಆಫ್’ ಮೇಲೆ ಒತ್ತು ಕೊಟ್ಟು ಹೇಳಬೇಕು. ಕಣ್ಣಿನಲ್ಲಿ ಓದಿ ಕಲಿತವರಿಗಿಂತ ಹೀಗೆ ಬಾಯಲ್ಲಿ ಹೇಳಿ ಕಲಿತವರು ಬೇಗ ತಪ್ಪಿನಿಂದ ಹೊರಬರುತ್ತಾರೆ. ಯಾರಾದರೂ “ಡಿಡ್ ಯು ಫಿನಿಶ್ ದಿ ರಿಪೋರ್ಟ್?” ಎಂದು ಕೇಳಿದರೆಂದು ಊಹಿಸಿಕೊಂಡು “ನೋ, ಐ ಪುಟ್ ಇಟ್ ಆಫ್” ಎಂದು ಉತ್ತರಿಸಿ, ‘ರಿಪೋರ್ಟ್’ ಜಾಗದಲ್ಲಿ ‘ಲೆಟರ್ಸ್’ ಇಟ್ಟು “ಐ ಪುಟ್ ದೆಮ್ ಆಫ್” ಎನ್ನಿ. ನಾಮಪದ ಉದ್ದವಾಗಿದ್ದರೆ, ಉದಾಹರಣೆಗೆ “ದಿ ಮೀಟಿಂಗ್ ಅಬೌಟ್ ದಿ ನ್ಯೂ ಲೈಬ್ರರಿ ರೂಲ್ಸ್” ಎಂಬಂತಿದ್ದರೆ, ‘ಆಫ್’ ಅನ್ನು ‘ಪುಟ್’ ಪಕ್ಕದಲ್ಲೇ ಇಡುವುದು ಒಳ್ಳೆಯದು. ಇಲ್ಲವಾದರೆ ಕೇಳುಗರು ‘ಆಫ್’ಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ.

ಈ ನಿಯಮವನ್ನು ಎಲ್ಲ ಫ್ರೇಸಲ್ ವರ್ಬ್‌ಗಳಿಗೂ ಹಚ್ಚಬಾರದು. ‘ಲುಕ್ ಆಫ್ಟರ್’ ಒಡೆಯುವುದಿಲ್ಲ; ಅಲ್ಲಿ “ಲುಕ್ ಆಫ್ಟರ್ ಇಟ್” ಎಂದೇ ಹೇಳಬೇಕು. ಕಲಿಯುವವರಿಗಾಗಿಯೇ ಮಾಡಿದ ಒಳ್ಳೆಯ ನಿಘಂಟುಗಳು ‘ಪುಟ್ ಸಮ್‌ಥಿಂಗ್ ಆಫ್’, ‘ಲುಕ್ ಆಫ್ಟರ್ ಸಮ್‌ಬಡಿ’ ಎಂದು ಮುದ್ರಿಸಿ ಈ ವ್ಯತ್ಯಾಸವನ್ನು ತೋರಿಸುತ್ತವೆ. ಎಡಗಡೆ ಇಂಗ್ಲಿಷ್, ಬಲಗಡೆ ಒಂದೇ ಒಂದು ಕನ್ನಡ ಅರ್ಥ ಕೊಟ್ಟು ಮುಗಿಸುವ ಕಿರುಪುಸ್ತಕಗಳು ಇದನ್ನು ಹೇಳುವುದೇ ಇಲ್ಲ. ಅಂಥವನ್ನು ಕೊಳ್ಳಬೇಡಿ.

ನಾಲ್ಕನೆಯ ಹಂತ, ಮುಂದೂಡಿದ್ದು ಒಂದು ಕ್ರಿಯೆಯಾದಾಗ ಏನು ಮಾಡಬೇಕೆಂಬುದು. “ಐ ಪುಟ್ ಆಫ್ ಟು ಗೋ” ಎಂಬ ತಪ್ಪು ‘ವಾಂಟ್ ಟು ಗೋ’ ಎಂಬ ಅಭ್ಯಾಸದಿಂದ ಬರುತ್ತದೆ. ಸರಿಯಾದ ರೂಪ “ಐ ಪುಟ್ ಆಫ್ ಗೋಯಿಂಗ್ ಟು ದಿ ಡೆಂಟಿಸ್ಟ್” ಎಂದು. ಇಲ್ಲಿ ಕನ್ನಡವೇ ನಮಗೆ ನೆರವಾಗುತ್ತದೆ: ನಾವು ‘ಹೋಗಲು ಮುಂದೂಡಿದೆ’ ಎನ್ನುವುದಿಲ್ಲ, ‘ಹೋಗುವುದನ್ನು ಮುಂದೂಡಿದೆ’ ಎನ್ನುತ್ತೇವೆ. ಈ ‘ಹೋಗುವುದು’ ಎಂಬುದೇ ‘ಗೋಯಿಂಗ್’ ಎಂದು ನೆನಪಿಟ್ಟುಕೊಂಡರೆ ಸಾಕು.

ಕಾಲವನ್ನು ಸೇರಿಸುವುದು ಸುಲಭ: ಯಾವ ದಿನದವರೆಗೆ ಎಂಬುದಕ್ಕೆ ‘ಅಂಟಿಲ್’, ಎಷ್ಟು ಕಾಲ ಎಂಬುದಕ್ಕೆ ‘ಫಾರ್’. “ದಿ ಮ್ಯಾಚ್ ವಾಸ್ ಪುಟ್ ಆಫ್ ಅಂಟಿಲ್ ಫ್ರೈಡೇ”, “ಇಟ್ ವಾಸ್ ಪುಟ್ ಆಫ್ ಫಾರ್ ಎ ವೀಕ್”.

ಇಷ್ಟು ಕೈವಶವಾದ ಮೇಲೆ ಎರಡನೆಯ ಅರ್ಥಕ್ಕೆ ಹೋಗಬಹುದು. ‘ಪುಟ್ ಆಫ್’ಗೆ ಮನಸ್ಸನ್ನು ಹಿಂದೆಗೆಸು, ಬೇಸರ ಹುಟ್ಟಿಸು ಎಂಬ ಅರ್ಥವೂ ಇದೆ: “ದಿ ಸ್ಮೆಲ್ ಪುಟ್ ಮಿ ಆಫ್”, “ಡೋಂಟ್ ಲೆಟ್ ದಿ ಪ್ರೈಸ್ ಪುಟ್ ಯು ಆಫ್”. ಇಲ್ಲಿ ಒಂದು ವಸ್ತು ಅಥವಾ ಸಂಗತಿ ಕರ್ತೃವಾಗಿ, ವ್ಯಕ್ತಿ ನಡುವೆ ಬರುತ್ತಾನೆ. ಕರ್ತೃವಿನ ಜಾಗದಲ್ಲಿ ವ್ಯಕ್ತಿಯೇ ಇದ್ದರೆ ಅರ್ಥ ಹೊರಳಬಹುದು: “ಹಿ ಕೀಪ್ಸ್ ಪುಟಿಂಗ್ ಮಿ ಆಫ್” ಎಂದರೆ ಸಾಮಾನ್ಯವಾಗಿ ಅವನು ಏನೇನೋ ಸಬೂಬು ಹೇಳಿ ನನ್ನನ್ನು ಸಾಗಹಾಕುತ್ತಲೇ ಇದ್ದಾನೆ ಎಂದು. ಸುತ್ತಲಿನ ಮಾತನ್ನು ಬಿಟ್ಟು ಒಂಟಿ ವಾಕ್ಯವನ್ನು ಅನುವಾದದ ಆ್ಯಪ್‌ಗೆ ಹಾಕಿ ಈ ವ್ಯತ್ಯಾಸವನ್ನು ತಿಳಿಯಲು ಹೊರಡುವುದು ವ್ಯರ್ಥ. ಇನ್ನು ದೀಪ ಆರಿಸುವುದಕ್ಕೂ ‘ಪುಟ್ ಆಫ್’ ಎನ್ನುವವರಿದ್ದಾರೆ. ಅದನ್ನು ತಪ್ಪೆನ್ನಲಾಗದು, ಆದರೂ ಕಲಿಯುವ ಹಂತದಲ್ಲಿ ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’ ಎಂದೇ ಹೇಳಿ. ಬೆಂಕಿ ಆರಿಸುವುದಕ್ಕಾದರೆ ‘ಪುಟ್ ಔಟ್’ ಎನ್ನಬೇಕು.

ಎಲ್ಲಿ ಬಳಸಬಾರದು ಎಂಬುದೂ ತಿಳಿದಿರಬೇಕು. ಪ್ರಕಟಣೆ, ಅರ್ಜಿ, ಕಚೇರಿಯ ಪತ್ರಗಳಿಗೆ ‘ಪೋಸ್ಟ್‌ಪೋನ್’ ಹೆಚ್ಚು ಹೊಂದುತ್ತದೆ. ಸ್ವಂತ ಕೆಲಸದ ವಿಷಯದಲ್ಲಿ ‘ಪುಟ್ ಆಫ್’ ಎಂದಾಗ, ಮಾಡಲು ಮನಸ್ಸಿಲ್ಲದೆ ತಳ್ಳುತ್ತಾ ಬಂದೆ ಎಂಬ ಛಾಯೆ ಹಲವು ಬಾರಿ ಅದರ ಜೊತೆಗೇ ಬರುತ್ತದೆ. ಸಕಾರಣವಾಗಿ ತಡವಾದ ವರದಿಯ ಬಗ್ಗೆ ಮೇಲಧಿಕಾರಿಗೆ “ಐ ಪುಟ್ ಇಟ್ ಆಫ್” ಎಂದು ಬರೆದರೆ ಸೋಮಾರಿತನವನ್ನು ಒಪ್ಪಿಕೊಂಡಂತೆ ಕೇಳಿಸಬಹುದು.

ಕೊನೆಯ ಹಂತ ಅಭ್ಯಾಸ. ನೀವು ನಿಜವಾಗಿಯೂ ಮುಂದೂಡುತ್ತಿರುವ ಒಂದು ಕೆಲಸವನ್ನು ಆರಿಸಿಕೊಂಡು, ಅದನ್ನು ಮೊದಲು ನಾಮಪದದಿಂದ, ಆಮೇಲೆ ‘ಇಟ್’ನಿಂದ, ಆಮೇಲೆ ‘ಇಂಗ್’ ರೂಪದಿಂದ ಹೇಳಿ. ಮೂರೂ ತಡವರಿಸದೆ ಬಂದಮೇಲೆ “ಐ ಹ್ಯಾವ್ ಬೀನ್ ಪುಟಿಂಗ್ ಇಟ್ ಆಫ್ ಫಾರ್ ವೀಕ್ಸ್” ಎಂಬ ಉದ್ದ ವಾಕ್ಯಕ್ಕೆ ಹೋಗಿ. ಅಲ್ಲಿಯೂ ‘ಇಟ್’ ನಡುವೆಯೇ ಇದೆಯೇ ಎಂದು ಪ್ರತಿ ಬಾರಿ ಕಿವಿಗೊಟ್ಟು ಕೇಳಿಸಿಕೊಳ್ಳಿ.