ಮನೆ ಗ್ಯಾರೇಜಿಗೊಂದು ಪುಟ್ಟ ಕಂಪ್ರೆಸರ್: ಆರಿಸಿದ ಬಗೆ, ಬಳಸುವ ಬಗೆ

ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಕಂಪ್ರೆಸರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಎಚ್‌ಪಿ, ಎಷ್ಟು ಪಿಎಸ್‌ಐ ಎಂದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುವುದೂ ಅವೇ. ನಾನು ಅವೆರಡನ್ನೂ ಪಕ್ಕಕ್ಕಿಟ್ಟು ಮೂರನೆಯ ಅಂಕಿಯೊಂದನ್ನು ಹುಡುಕಿದೆ: 90 ಪಿಎಸ್‌ಐ ಒತ್ತಡದಲ್ಲಿ ಈ ಯಂತ್ರ ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ? ಇದನ್ನು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಬರೆದಿರುತ್ತಾರೆ. 1 ಸಿಎಫ್‌ಎಂ ಅಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಒತ್ತಡಕ್ಕೆ ಸಣ್ಣ ಕಂಪ್ರೆಸರುಗಳಲ್ಲೂ ಬರವಿಲ್ಲ. 8 ಬಾರ್, ಅಂದರೆ ಸುಮಾರು 116 ಪಿಎಸ್‌ಐ, ಮಾಮೂಲಾಗಿ ಸಿಗುತ್ತದೆ. ಗಾಳಿಯಿಂದ ಓಡುವ ಹೆಚ್ಚಿನ ಟೂಲ್‌ಗಳಿಗೆ 90 ಸಾಕು. ಕೊರತೆ ಬೀಳುವುದು ಗಾಳಿಯ ಹರಿವಿನಲ್ಲಿ.

ಆ ಸಿಎಫ್‌ಎಂನಲ್ಲೂ ಒಂದು ಕಣ್ಕಟ್ಟಿದೆ. ಕೆಲವರು ಪಿಸ್ಟನ್ನಿನ ಗಾತ್ರವನ್ನು ವೇಗದಿಂದ ಗುಣಿಸಿ ಬಂದ ಅಂಕಿಯನ್ನೇ ಅಚ್ಚು ಹಾಕಿಬಿಡುತ್ತಾರೆ. ನಿಜಕ್ಕೂ ಹೊರಗೆ ಬರುವ ಗಾಳಿ ಅದಕ್ಕಿಂತ ಸಾಕಷ್ಟು ಕಡಿಮೆ. ‘ಎಫ್‌ಎಡಿ’ (ನಿಜಕ್ಕೂ ಹೊರಬರುವ ಗಾಳಿಯ ಅಳತೆ) ಎಂದು ಬರೆದಿದ್ದರೆ, ಅಥವಾ ಇಷ್ಟು ಒತ್ತಡದಲ್ಲಿ ಇಷ್ಟು ಸಿಎಫ್‌ಎಂ ಎಂದು ಜೊತೆಜೊತೆಗೇ ಹೇಳಿದ್ದರೆ ಮಾತ್ರ ನಂಬಬಹುದು. ಒತ್ತಡದ ಮಾತೇ ಎತ್ತದ ಸಿಎಫ್‌ಎಂ ನನ್ನ ಲೆಕ್ಕಕ್ಕೆ ಬರಲಿಲ್ಲ.

ಕೊಳ್ಳುವ ಮೊದಲು ನನ್ನ ಕೆಲಸಗಳೇನು ಎಂದು ಪಟ್ಟಿ ಮಾಡಿಕೊಂಡೆ. ಕಾರು, ಬೈಕು, ಸೈಕಲ್ಲಿನ ಟೈರು. ಏರ್ ಫಿಲ್ಟರ್, ಯಂತ್ರಗಳ ಸಂದಿಯ ದೂಳು. ಮರಗೆಲಸಕ್ಕೆ ಸಣ್ಣ ಮೊಳೆ ಹೊಡೆಯುವ ಗನ್. ಆಗೊಮ್ಮೆ ಈಗೊಮ್ಮೆ ಚಕ್ರದ ನಟ್ಟು ಬಿಚ್ಚುವುದು. ಇವೆಲ್ಲ ಬಿಟ್ಟು ಬಿಟ್ಟು ಗಾಳಿ ಕೇಳುವ ಕೆಲಸಗಳು. ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್ 4–5 ಸಿಎಫ್‌ಎಂ ಕೇಳಿದರೂ ಒಂದು ನಟ್ಟಿಗೆ ಹಿಡಿಯುವುದು ಕೆಲವೇ ಸೆಕೆಂಡು, ಉಳಿದದ್ದನ್ನು ಟ್ಯಾಂಕ್ ನಿಭಾಯಿಸುತ್ತದೆ. ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಹಾಗಲ್ಲ, ನಿಮಿಷಗಟ್ಟಲೆ ಒಂದೇ ಸಮನೆ 10 ಸಿಎಫ್‌ಎಂ ಆಸುಪಾಸು ಎಳೆಯುತ್ತದೆ. ಕಾರಿಗೆ ಬಣ್ಣ ಹೊಡೆಯುವ ದೊಡ್ಡ ಸ್ಪ್ರೇ ಗನ್ನುಗಳ ಹಸಿವೂ ಅಂಥದ್ದೇ. ಕೈಯಲ್ಲೆತ್ತಿ ಒಯ್ಯಬಹುದಾದ ಯಂತ್ರ ಆ ಹಸಿವನ್ನು ತೀರಿಸಲಾರದು. ಅಂಥ ಕೆಲಸದ ಆಸೆ ಇರುವವರು ಸಣ್ಣ ಕಂಪ್ರೆಸರ್ ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬರೀ ಟೈರಿಗೆ ಗಾಳಿ ಹಾಕುವುದಷ್ಟೇ ಇದ್ದರೆ ಕಾರಿನ ಬ್ಯಾಟರಿಯಿಂದ ಓಡುವ 12 ವೋಲ್ಟಿನ ಪುಟ್ಟ ಪಂಪೇ ಸಾಕು. ಆದರೆ ರಿಮ್ಮಿನಿಂದ ಕಳಚಿಕೊಂಡ ಟ್ಯೂಬ್‌ಲೆಸ್ ಟೈರನ್ನು ಅದು ಕೂರಿಸಲಾರದು. ಅದಕ್ಕೆ ಒಮ್ಮೆಲೇ ನುಗ್ಗುವ ಗಾಳಿ ಬೇಕು, ಅಂದರೆ ಟ್ಯಾಂಕ್ ಬೇಕು. ಟೈರಿನ ಅಂಚಿಗೆ ಸೋಪಿನ ನೀರು ಸವರಿ, ವಾಲ್ವಿನ ಒಳಗಿನ ಪಿನ್ ಬಿಚ್ಚಿ ಗಾಳಿ ಬಿಟ್ಟರೆ ಟಪ್ ಎಂದು ಕೂರುತ್ತದೆ. ಕಾರಿನ ಟೈರು 40 ಪಿಎಸ್‌ಐಗೂ ಕೂರದಿದ್ದರೆ ಹಟ ಮಾಡದೆ ನಾನು ಗಾಳಿ ಬಿಟ್ಟುಬಿಡುತ್ತೇನೆ. ಅದಕ್ಕಿಂತ ಮೇಲೆ ಹೋದರೆ ಟೈರಿನ ಅಂಚು ಸಿಡಿಯುವ ಅಪಾಯವಿದೆ.

ನಾನು ಆರಿಸಿದ್ದು 24 ಲೀಟರ್ ಟ್ಯಾಂಕಿನದು. ಟ್ಯಾಂಕ್ ಎಂದರೆ ಮನೆಯ ಮೇಲಿನ ನೀರಿನ ತೊಟ್ಟಿ ಇದ್ದ ಹಾಗೆ. ಎಷ್ಟು ದೊಡ್ಡದಿದ್ದರೂ ಕೆಳಗಿನ ಪಂಪು ಎತ್ತುವುದಕ್ಕಿಂತ ಹೆಚ್ಚು ನೀರು ದಿನವಿಡೀ ಸಿಗದು. ಈ ಲೆಕ್ಕದಿಂದಲೇ ಯಂತ್ರದ ನಿಜವಾದ ತಾಕತ್ತನ್ನೂ ಅಳೆಯಬಹುದು. ಮನೆಗೆ ತಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಅದೇ. ಗೇಜ್ 6 ಬಾರ್‌ನಿಂದ 8ಕ್ಕೆ ಏರಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಬೇಕು. 24 ಲೀಟರಿನ ಟ್ಯಾಂಕಿನಲ್ಲಿ ಒತ್ತಡ 2 ಬಾರ್ ಏರಿತೆಂದರೆ ಹೊರಗಿನ 48 ಲೀಟರ್ ಗಾಳಿ ಒಳಗೆ ಸೇರಿದೆ. ಅದಕ್ಕೆ 30 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 96 ಲೀಟರ್, ಸುಮಾರು 3.4 ಸಿಎಫ್‌ಎಂ. ಗಾಳಿ ಬಿಸಿಯಾಗಿರುವುದರಿಂದ ಅಂಕಿ ಕೊಂಚ ಹೆಚ್ಚೇ ಬರುತ್ತದೆ, ಆದರೂ ಡಬ್ಬದ ಮೇಲಿನ ಮಾತಿಗಿಂತ ಇದು ವಾಸಿ.

ಆಯಿಲ್ ಇರುವುದೋ ಇಲ್ಲದ್ದೋ? ಆಯಿಲ್ ಹಾಕುವ ಪಂಪು ತಂಪಾಗಿ ಓಡುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ಅದನ್ನು ಮಟ್ಟಸವಾಗಿಯೇ ಇಡಬೇಕು, ಕಾರಿನ ಡಿಕ್ಕಿಯಲ್ಲಿ ಮಲಗಿಸಿ ಒಯ್ಯುವ ಹಾಗಿಲ್ಲ. ಆಯಿಲ್‌ರಹಿತ ಯಂತ್ರ ಹಗುರ, ಆರೈಕೆ ಕಡಿಮೆ, ಆದರೆ ಅಗ್ಗದವುಗಳ ಗದ್ದಲ ಕಿವಿಗೆ ಬಡಿಯುತ್ತದೆ. ಇತ್ತೀಚೆಗೆ ನಿಮಿಷಕ್ಕೆ 1400 ಸುತ್ತು ತಿರುಗುವ ನಿಧಾನ ಮೋಟಾರಿನ, ಎರಡು ಪಿಸ್ಟನ್ನಿನ ‘ಸೈಲೆಂಟ್’ ಬಗೆಯವು ಸಿಗುತ್ತವೆ. ಹೆಸರಿಗೆ ಸೈಲೆಂಟ್ ಅಷ್ಟೇ, ಸದ್ದು ಇದ್ದೇ ಇದೆ. ಆದರೆ ಪಕ್ಕದಲ್ಲಿ ನಿಂತು ಮಾತಾಡಬಹುದು. ಗ್ಯಾರೇಜು ಮನೆಗೆ ಅಂಟಿಕೊಂಡೇ ಇರುವುದರಿಂದ ನಾನು ಇದನ್ನೇ ತಂದೆ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಉದ್ದನೆಯ ಸಣಕಲು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಇಳಿದು ಮೋಟಾರು ತಿರುಗದೆ ಗುಂಯ್‌ಗುಡುತ್ತದೆ, ಒಳಗಿನ ತಂತಿಸುರುಳಿ (ವೈಂಡಿಂಗ್) ಬಿಸಿಯಾಗುತ್ತದೆ. ನಾನು ಯಂತ್ರವನ್ನು ಗೋಡೆಯ ದೊಡ್ಡ ಸಾಕೆಟ್ಟಿಗೇ ಚುಚ್ಚಿ, ಉದ್ದ ಬೇಕಾದ ಕಡೆ ಗಾಳಿಯ ಹೋಸನ್ನು ಉದ್ದ ಮಾಡಿಕೊಂಡಿದ್ದೇನೆ. ಹೋಸ್ ಒಳಗೆ 8 ಮಿಲಿಮೀಟರ್ ಅಗಲ ಇದ್ದರೆ ಒಳ್ಳೆಯದು. ತೀರಾ ಸಣ್ಣದಾದರೆ ಟೂಲಿಗೆ ತಲುಪುವಷ್ಟರಲ್ಲಿ ಒತ್ತಡ ಸೋತಿರುತ್ತದೆ. ಟೂಲಿಗೆ ಹೋಗುವ ಒತ್ತಡವನ್ನು ನಿಯಂತ್ರಿಸುವ ರೆಗ್ಯುಲೇಟರನ್ನೂ ಟೂಲಿನ ಟ್ರಿಗರ್ ಒತ್ತಿಕೊಂಡೇ ಹೊಂದಿಸಬೇಕು. ಸುಮ್ಮನಿದ್ದಾಗ 90 ತೋರಿಸುವ ಮುಳ್ಳು ಗಾಳಿ ಹರಿಯತೊಡಗಿದೊಡನೆ ಕೆಳಗಿಳಿಯುತ್ತದೆ.

ಟ್ಯಾಂಕ್ ತುಂಬಿ ಮೋಟಾರು ನಿಂತಾಗ ಪುಸ್ ಎಂದು ಗಾಳಿ ಬಿಡುವ ಸದ್ದು ಬರುತ್ತದೆ. ಹೊಸಬರು ಸೋರಿಕೆ ಎಂದುಕೊಳ್ಳುತ್ತಾರೆ. ಅದು ಪಂಪಿನ ತಲೆಯ ಒತ್ತಡವನ್ನು ಖಾಲಿ ಮಾಡುವ ಅನ್‌ಲೋಡರ್ ವಾಲ್ವು. ಮುಂದಿನ ಸಲ ಮೋಟಾರು ಹೊರೆಯಿಲ್ಲದೆ ತಿರುಗಲಿ ಎಂದು. ಆದ್ದರಿಂದ ಓಡುತ್ತಿರುವ ಯಂತ್ರವನ್ನು ಪ್ಲಗ್ ಕಿತ್ತು ನಿಲ್ಲಿಸಬಾರದು. ಪ್ರೆಷರ್ ಸ್ವಿಚ್ಚಿನ ಗುಂಡಿಯನ್ನೇ ಆಫ್ ಮಾಡಬೇಕು, ಆಗಲೇ ಆ ಪುಸ್ ಬರುವುದು. ನಡುವೆ ಕರೆಂಟ್ ಹೋದರೂ ನಾನು ಮೊದಲು ಹೋಗಿ ಆ ಗುಂಡಿ ಒತ್ತುತ್ತೇನೆ. ಇಲ್ಲದಿದ್ದರೆ ಕರೆಂಟ್ ಬಂದಾಗ ಮೋಟಾರು ಒತ್ತಡದ ಎದುರು ಒದ್ದಾಡುತ್ತದೆ.

ಸಣ್ಣ ಕಂಪ್ರೆಸರುಗಳನ್ನು ಒಳಗಿಂದ ತಿನ್ನುವುದು ನೀರು. 8 ಬಾರ್ ತೋರಿಸುವ ಟ್ಯಾಂಕಿನಲ್ಲಿ ಒಂಬತ್ತು ಟ್ಯಾಂಕಿನಷ್ಟು ಗಾಳಿ ತುಂಬಿರುತ್ತದೆ, ಅಷ್ಟರ ತೇವವೂ ಅಲ್ಲೇ ಸೇರಿರುತ್ತದೆ. ಬಿಸಿ ಆರಿದಂತೆ ಆ ತೇವ ನೀರಾಗಿ ತಳಕ್ಕಿಳಿದು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಕೆಲಸ ಮುಗಿದ ಮೇಲೆ ಒತ್ತಡವನ್ನು ಅರ್ಧಕ್ಕಿಂತ ಕೆಳಗಿಳಿಸಿ ತಳದ ಡ್ರೇನ್ ತಿರುಪನ್ನು ಸಡಿಲಿಸುತ್ತೇನೆ. ಮಳೆಗಾಲದಲ್ಲಿ ಕಂದು ನೀರು ಚಿಮ್ಮುವುದನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಖಾಲಿಯಾದ ಮೇಲೆ ತಿರುಪನ್ನು ತೆರೆದೇ ಇಡುವುದು ನನ್ನ ರೂಢಿ, ಒಳಗೆ ಒಣಗಲಿ ಎಂದು. ತೇವ ಹಿಡಿಯುವ ಫಿಲ್ಟರನ್ನು ಯಂತ್ರದ ಬಾಯಿಗೇ ಕಟ್ಟಿದರೆ ಪ್ರಯೋಜನ ಕಡಿಮೆ. ಅಲ್ಲಿ ಗಾಳಿ ಇನ್ನೂ ಬಿಸಿ, ತೇವ ಆವಿಯಾಗಿಯೇ ನುಸುಳಿಹೋಗುತ್ತದೆ. ನನ್ನ ಫಿಲ್ಟರ್ ಇರುವುದು ಹೋಸಿನ ಆ ತುದಿಯಲ್ಲಿ, ಟೂಲಿನ ಹತ್ತಿರ.

ತುಕ್ಕು ತಿಂದು ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಬೇಡವೇ ಬೇಡ. ಗಾಳಿಯ ಲೈನಿಗೆ ನೀರಿನ ಪಿವಿಸಿ ಪೈಪೂ ಬೇಡ. ಒಡೆದರೆ ಚೂರುಗಳು ಚಾಕುವಿನ ಹಾಗೆ ಹಾರುತ್ತವೆ. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ಬಿಟ್ಟು, ಅದು ಅಂಟಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ದೂಳು ಊದುವಾಗ ಕನ್ನಡಕ ಹಾಕಿಕೊಳ್ಳುತ್ತೇನೆ, ಒತ್ತಡವನ್ನು 30 ಪಿಎಸ್‌ಐಗಿಂತ ಕೆಳಗಿಡುತ್ತೇನೆ. ಮೈಮೇಲಿನ ಬಟ್ಟೆಯ ದೂಳನ್ನು ಬ್ಲೋ ಗನ್ನಿನಿಂದ ಊದಿಕೊಳ್ಳುವ ಚಾಳಿ ಹಲವರಿಗಿದೆ. ಗಾಯದ ಬಾಯಿಯಿಂದ ಗಾಳಿ ಚರ್ಮದೊಳಗೆ ಹೊಕ್ಕರೆ ಆಸ್ಪತ್ರೆಯೇ ಗತಿ.

ಸೋರಿಕೆ ಹುಡುಕಲು ಸುಲಭ ದಾರಿ: ರಾತ್ರಿ ಟ್ಯಾಂಕ್ ತುಂಬಿಸಿ ಸ್ವಿಚ್ ಆಫ್ ಮಾಡಿ, ಬೆಳಗ್ಗೆ ಗೇಜ್ ನೋಡುವುದು. ಬಿಸಿ ಆರಿದ್ದಕ್ಕೆ ಮುಳ್ಳು ತುಸು ಇಳಿದಿದ್ದರೆ ಚಿಂತೆಯಿಲ್ಲ. ಪೂರ್ತಿ ಇಳಿದಿದ್ದರೆ ಸೋಪಿನ ನೀರು ಹಿಡಿದು ಜೋಡಣೆಗಳನ್ನೆಲ್ಲ ನೋಡುತ್ತೇನೆ. ಹೆಚ್ಚಾಗಿ ಗುಳ್ಳೆ ಏಳುವುದು ಹೋಸನ್ನು ಥಟ್ಟನೆ ಸೇರಿಸಿ ಬಿಡಿಸುವ ಕ್ವಿಕ್ ಕಪ್ಲರಿನಲ್ಲೋ ಡ್ರೇನ್ ತಿರುಪಿನಲ್ಲೋ. ಜೋಡಣೆಯ ತಿರುಪಿನ ಸುತ್ತುಗಳಿಗೆ ಹೊಸದಾಗಿ ಟೆಫ್ಲಾನ್ ಟೇಪ್ ಸುತ್ತಿ ಬಿಗಿದರೆ ಮುಕ್ಕಾಲು ಪಾಲು ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಕಪ್ಲರಿನ ಒಳಗಿನ ರಬ್ಬರ್ ರಿಂಗ್ ಸವೆದಿದ್ದರೆ ಮಾತ್ರ ಟೇಪಿನಿಂದ ಆಗದು, ರಿಂಗನ್ನೇ ಬದಲಿಸಬೇಕು.